ಅಳಿಸಿದ ಹೆಸರಿನ ಕ್ಯಾಮೆರಾ

ಓಲೆಗರಿಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನಿಗೆ ಹಳೆಯ ಕ್ಯಾಮೆರಾಗಳ ಮೋಹ ಹೇಗೆ ಹತ್ತಿತೆಂದು ಮಿತ್ರರು ಕೇಳುವುದುಂಟು. ನನ್ನ ಮಟ್ಟಿಗೆ ಇವೆರಡೂ ಬೇರೆ ಬೇರೆ ವ್ಯಾಸಂಗಗಳಲ್ಲ. ಹಸ್ತಪ್ರತಿಯೊಂದು ಕೈಗೆ ಬಂದಾಗ ಗ್ರಂಥಸಂಪಾದಕ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ಇದರ ಮೂಲ ಯಾವುದು, ಇದನ್ನು ಪ್ರತಿ ಮಾಡಿದವನು ಯಾರು, ಯಾರ ಯಾರ ಕೈ ದಾಟಿ ಇದು ನನ್ನವರೆಗೆ ಬಂದಿತು. ಹಳೆಯ ಕ್ಯಾಮೆರಾದ ಮುಂದೆ ಕುಳಿತವನು ಕೇಳಬೇಕಾದ ಪ್ರಶ್ನೆಗಳೂ ಇವೇ. ಈ ಮಾತು ನನಗೆ ಮನವರಿಕೆಯಾದದ್ದು ಒಂದು ಮೋಸದಿಂದ.

ನಿವೃತ್ತನಾದ ಮೇಲೆ, ದೊಡ್ಡ ನಗರವೊಂದರ ಹಳೆಯ ವಸ್ತುಗಳ ಅಂಗಡಿಯಲ್ಲಿ, ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಕ್ಯಾಮೆರಾ ಒಂದನ್ನು ಕೊಂಡೆ. ಅದರ ನೆತ್ತಿಯ ಮೇಲೆ ‘ಲೈಕಾ’ ಎಂದು ಸೊಗಸಾಗಿ ಕೆತ್ತಿತ್ತು. ನನ್ನ ಪಿಂಚಣಿಗೆ ಅದರ ಬೆಲೆ ಹಗುರವಾದುದೇನೂ ಆಗಿರಲಿಲ್ಲ. ಪರದೆ ಸರಿಯಾಗಿ ಓಡುತ್ತಿಲ್ಲವೆಂದು, ನಾಲ್ಕು ದಶಕಗಳಿಂದ ಕ್ಯಾಮೆರಾ ರಿಪೇರಿಯನ್ನೇ ವೃತ್ತಿಯಾಗಿಸಿಕೊಂಡ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಮಸೂರವನ್ನು ತಿರುಗಿಸಿ ತೆಗೆದು ಒಳಗೆ ಇಣುಕಿ ನೋಡಿ, “ಮೇಷ್ಟ್ರೇ, ಇದು ಲೈಕಾ ಅಲ್ಲ. ಗಾಲಿ ಇರಬೇಕಾದ ಕಡೆ ನಾಲಿಗೆ ಇದೆ, ನೋಡಿ” ಎಂದರು. ನಿಜವಾದ ಲೈಕಾದಲ್ಲಿ ಮಸೂರದ ಹಿಂಬದಿಗೆ ತಾಗಿಕೊಂಡು ಅದರ ಚಲನೆಯನ್ನು ದೂರಮಾಪಕಕ್ಕೆ ಮುಟ್ಟಿಸುವುದು ಒಂದು ಪುಟ್ಟ ಗಾಲಿ. ನನ್ನದರಲ್ಲಿದ್ದದ್ದು ಬೆಣೆಯಂಥ ನಾಲಿಗೆ. ಅದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ತಯಾರಾಗುತ್ತಿದ್ದ ‘ಫೆಡ್’ ಕ್ಯಾಮೆರಾದ ಗುರುತು. ಯಾರೋ ಅದರ ಹೆಸರನ್ನೂ ಸಂಖ್ಯೆಯನ್ನೂ ಉಜ್ಜಿ ಅಳಿಸಿ, ಬೆಲೆಬಾಳುವ ಹೆಸರೊಂದನ್ನು ಅಲ್ಲಿ ಕೆತ್ತಿದ್ದರು. ಇಂಥ ಕೃತಕ ಲೈಕಾಗಳು ಜಗತ್ತಿನ ಪೇಟೆಗಳಲ್ಲಿ ಹೇರಳವಾಗಿವೆಯೆಂದು ಆಮೇಲೆ ತಿಳಿಯಿತು.

ಹಣ ಹೋದ ಸಂಕಟ ಕೆಲವು ದಿನ ಕಾಡಿತು. ಆದರೆ ‘ಫೆಡ್’ ಎಂಬ ಹೆಸರು ಎಲ್ಲಿಯೋ ಕೇಳಿದ್ದು ಎನ್ನಿಸುತ್ತಿತ್ತು. ಅದರ ಬೆನ್ನುಹತ್ತಿ ಹೊರಟವನಿಗೆ ದೊರೆತ ಕಥೆ, ಕೊಟ್ಟ ಹಣಕ್ಕಿಂತ ಹೆಚ್ಚಿನದಾಗಿತ್ತು.

ಮೂಲಪ್ರತಿಯಿಂದಲೇ ಪ್ರಾರಂಭಿಸೋಣ. ಜರ್ಮನಿಯ ವೆಟ್ಸ್ಲಾರ್ ಎಂಬ ಸಣ್ಣ ಊರು ಸಾಹಿತ್ಯಪ್ರಿಯರಿಗೆ ಅಪರಿಚಿತವಲ್ಲ. ತರುಣ ಗಯಟೆ 1772ರಲ್ಲಿ ಅಲ್ಲಿಯ ನ್ಯಾಯಾಲಯಕ್ಕೆ ಬಂದು, ಷಾರ್ಲೊಟೆಯನ್ನು ಕಂಡು, ‘ವೆರ್ಥರ್’ ಕಾದಂಬರಿಯ ಬೀಜವನ್ನು ಪಡೆದ ಊರದು. ಅದೇ ಊರಿನಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಅರ್ನ್ಸ್ಟ್ ಲೈಟ್ಸ್ ಕಾರ್ಖಾನೆಗೆ 1911ರಲ್ಲಿ ಓಸ್ಕರ್ ಬಾರ್ನಾಕ್ ಎಂಬ ಯಂತ್ರಶಿಲ್ಪಿ ಕೆಲಸಕ್ಕೆ ಸೇರಿದ. ಅವನಿಗೆ ಉಬ್ಬಸದ ಬಾಧೆ. ಛಾಯಾಗ್ರಹಣದ ಹುಚ್ಚು ಅದಕ್ಕಿಂತಲೂ ಮಿಗಿಲು. ಅಂದಿನ ಕ್ಯಾಮೆರಾಗಳೋ ಗಾಜಿನ ಫಲಕಗಳ ಹೊರೆಯೊಡನೆ ಹೊತ್ತು ನಡೆಯಬೇಕಾದ ಪೆಟ್ಟಿಗೆಗಳು. ಬಾರ್ನಾಕ್ ಚಲನಚಿತ್ರದ 35 ಮಿಲಿಮೀಟರ್ ಅಗಲದ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 18 ಮತ್ತು 24 ಮಿಲಿಮೀಟರಿನ ಚೌಕಟ್ಟನ್ನು ಇಮ್ಮಡಿಗೊಳಿಸಿ 24 ಮತ್ತು 36 ಮಾಡಿದ. 1914ರ ವೇಳೆಗೆ ಅವನ ಮಾದರಿ ಸಿದ್ಧವಾಗಿತ್ತು. ಮಹಾಯುದ್ಧ ಅಡ್ಡ ಬಂದಿತು. 1925ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಅದು ಲೋಕದ ಕಣ್ಣಿಗೆ ಬಿದ್ದಿತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬ ಎರಡು ಪದಗಳ ಮೊದಲಕ್ಷರಗಳು ಸೇರಿ ‘ಲೈಕಾ’ ಆಯಿತು.

ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಮುದ್ರಿಸಬೇಕಾದರೆ ಮಸೂರ ಅತಿ ತೀಕ್ಷ್ಣವಾಗಿರಬೇಕು. ಅದನ್ನು ಲೆಕ್ಕ ಹಾಕಿಕೊಟ್ಟವನು ಮ್ಯಾಕ್ಸ್ ಬೆರೆಕ್. ‘ಎಲ್ಮಾರ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಮಸೂರದಲ್ಲಿ ನಾಲ್ಕು ಗಾಜುಗಳು. ಮುಂದಿನ ಎರಡು ಬಿಡಿಬಿಡಿಯಾಗಿ, ಹಿಂದಿನ ಎರಡು ಒಂದಕ್ಕೊಂದು ಅಂಟಿಕೊಂಡು. ಆದರೆ ಈ ಮೂಲಕ್ಕೂ ಒಂದು ಪೂರ್ವಮೂಲವಿದೆ. ಪಾಲ್ ರುಡಾಲ್ಫ್ 1902ರಲ್ಲಿ ತ್ಸೈಸ್ ಕಾರ್ಖಾನೆಗಾಗಿ ರಚಿಸಿದ ‘ಟೆಸ್ಸಾರ್’ ಮಸೂರದಲ್ಲಿಯೂ ಗಾಜುಗಳ ಜೋಡಣೆ ಇದೇ ಬಗೆಯದು. ಪೂರ್ವಕವಿಯ ಛಾಯೆಯಿಲ್ಲದ ಕಾವ್ಯ ಹೇಗೆ ವಿರಳವೋ ಪೂರ್ವಮಸೂರದ ಛಾಯೆಯಿಲ್ಲದ ಮಸೂರವೂ ಹಾಗೆಯೇ ವಿರಳ. ಛಾಯೆಯನ್ನು ಪಡೆಯುವುದರಲ್ಲಿ ಅಪಮಾನವಿಲ್ಲ.

ಇನ್ನು ಪ್ರತಿಕಾರರ ಕಡೆಗೆ ತಿರುಗೋಣ. ನಾನು ವಿದ್ಯಾರ್ಥಿಯಾಗಿದ್ದಾಗ ಸೋವಿಯತ್ ಪುಸ್ತಕಗಳು ನಮ್ಮ ಊರುಗಳಲ್ಲಿ ಬಹು ಅಗ್ಗವಾಗಿ ದೊರೆಯುತ್ತಿದ್ದವು. ಹಾಗೆ ಕೊಂಡು ಓದಿದವರಲ್ಲಿ ಅಂತೋನ್ ಮಕರೆಂಕೊ ಒಬ್ಬ. ಅಂತರ್ಯುದ್ಧದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಬೀದಿಪಾಲಾದ ಮಕ್ಕಳನ್ನು, ಕಳ್ಳತನ ಕಲಿತ ಹುಡುಗರನ್ನು, ದುಡಿಮೆ ಮತ್ತು ಓದುಗಳ ಮೂಲಕ ಮನುಷ್ಯರನ್ನಾಗಿ ಮಾಡಲು ಹೆಣಗಿದ ಉಪಾಧ್ಯಾಯ ಅವನು; ಆ ಹೆಣಗಾಟವನ್ನು ಕಾದಂಬರಿಯಾಗಿಸಿದ ಲೇಖಕನೂ ಹೌದು. 1927ರಲ್ಲಿ ಖಾರ್ಕಿವ್ ನಗರದ ಅಂಚಿನಲ್ಲಿ ಇಂಥ ಮಕ್ಕಳಿಗಾಗಿ ಒಂದು ಕಮ್ಯೂನ್ ಸ್ಥಾಪನೆಯಾಯಿತು. ಅದರ ಹೊಣೆ ಮಕರೆಂಕೊನದು. ಮಕ್ಕಳು ದಿನಕ್ಕೆ ನಾಲ್ಕು ಗಂಟೆ ಕಾರ್ಖಾನೆಯಲ್ಲಿ ದುಡಿಯಬೇಕು, ಉಳಿದಂತೆ ಶಾಲೆಯಲ್ಲಿ ಓದಬೇಕು. ಅವರು ಮೊದಲು ಮರಗೆಲಸ ಮಾಡಿದರು. ಅನಂತರ ವಿದೇಶದಿಂದ ತರಿಸಬೇಕಾಗಿದ್ದ ವಿದ್ಯುತ್ ಬೈರಿಗೆಯನ್ನು ತಾವೇ ತಯಾರಿಸಿದರು. 1932ರಲ್ಲಿ ಲೈಕಾ ಕ್ಯಾಮೆರಾಕ್ಕೆ ಕೈಹಾಕಿದರು. ಆ ವರ್ಷ ಮೊದಲ ಕೆಲವು ಪ್ರತಿಗಳು ಹೊರಬಂದವು. 1934ರಿಂದ ಕ್ರಮವಾದ ಉತ್ಪಾದನೆ ಮೊದಲಾಯಿತು. ಮಸೂರವನ್ನು ಸೋವಿಯತ್ ಗಾಜಿಗೆ ತಕ್ಕಂತೆ ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಮಕರೆಂಕೊ 1938ರಲ್ಲಿ ಪ್ರಕಟಿಸಿದ ‘ಗೋಪುರಗಳ ಮೇಲಿನ ಬಾವುಟಗಳು’ ಎಂಬ ಕಾದಂಬರಿಗೆ ಈ ಕಮ್ಯೂನಿನ ಬಾಳೇ ವಸ್ತು. ನಾನು ಓದಿ ಮೆಚ್ಚಿದ್ದ ಲೇಖಕನ ಮಕ್ಕಳ ಕಾರ್ಖಾನೆಯ ಕ್ಯಾಮೆರಾವೇ ಹೆಸರು ಬದಲಿಸಿಕೊಂಡು ನನ್ನ ಮೇಜಿನ ಮೇಲೆ ಕುಳಿತಿತ್ತು.

ಸಾವಿರದ ಒಂದನೆಯ ಮಿಲಿಮೀಟರಿನಲ್ಲಿ ಅಳೆಯಬೇಕಾದ ಕೆಲಸವನ್ನು ನಿನ್ನೆ ಬೀದಿಯಲ್ಲಿ ಅಲೆಯುತ್ತಿದ್ದ ಹುಡುಗರ ಕೈಗೆ ಒಪ್ಪಿಸಿದ ಆ ವಿಶ್ವಾಸವೇ ನನ್ನನ್ನು ಬೆರಗುಗೊಳಿಸುತ್ತದೆ. ಅವರ ಹಳೆಯ ಪ್ರತಿಗಳಲ್ಲಿ ಒಂದು ವಿಶೇಷವಿದೆ. ಲೈಕಾದವರು 1931ರಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವಿನ ಅಂತರವನ್ನು ನಿಯತಗೊಳಿಸಿ, ಯಾವ ಮಸೂರವನ್ನಾದರೂ ಯಾವ ಕ್ಯಾಮೆರಾಕ್ಕಾದರೂ ಹೊಂದಿಸಬಹುದೆಂಬ ವ್ಯವಸ್ಥೆ ಮಾಡಿದ್ದರು. ಯುದ್ಧಪೂರ್ವದ ಫೆಡ್‌ಗಳಲ್ಲಿ ಹಾಗಿಲ್ಲ. ಪ್ರತಿಯೊಂದು ಮಸೂರವನ್ನೂ ಅದರದೇ ಕ್ಯಾಮೆರಾಕ್ಕೆ ಕೈಯಿಂದ ಹೊಂದಿಸುತ್ತಿದ್ದರು. ಒಂದರ ಮಸೂರವನ್ನು ಇನ್ನೊಂದಕ್ಕೆ ತೊಡಿಸಿದರೆ ಚಿತ್ರ ಮಸುಕಾಗಬಹುದು. ಪೇಟೆಯ ದೃಷ್ಟಿಯಲ್ಲಿ ಅದು ದೋಷ. ಸಂಗ್ರಾಹಕನಿಗೆ ಅದೇ ಕೈಬರೆಹದ ಗುರುತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಮಂಗಳಾಂತವಾಗುತ್ತಿತ್ತು. ಇತಿಹಾಸ ಅಷ್ಟು ಸುಲಭವಾಗಿ ಮಂಗಳ ಹಾಡಿಸಿಕೊಳ್ಳುವುದಿಲ್ಲ. ಫೆಡ್ ಎಂಬುದು ರಷ್ಯನ್ ಲಿಪಿಯ ಮೂರು ಅಕ್ಷರ. ಫೆಲಿಕ್ಸ್ ಎದ್ಮುಂದೊವಿಚ್ ಜೆರ್ಜಿನ್‌ಸ್ಕಿ ಎಂಬ ಹೆಸರಿನ ಮೊದಲಕ್ಷರಗಳವು. ಸೋವಿಯತ್ ರಹಸ್ಯ ಪೊಲೀಸ್ ಪಡೆಯನ್ನು ಕಟ್ಟಿದವನು ಅವನು. ಕಮ್ಯೂನ್ ನಡೆಯುತ್ತಿದ್ದದ್ದೂ ಆ ಪಡೆಯ ಆಶ್ರಯದಲ್ಲಿಯೇ. ಅನಾಥರಿಗೆ ಅನ್ನ, ಅಕ್ಷರ, ಕಸುಬುಗಳನ್ನು ಕೊಟ್ಟ ಕೈ ಮತ್ತು ನಡುರಾತ್ರಿ ಬಾಗಿಲು ತಟ್ಟಿ ಜನರನ್ನು ಒಯ್ಯುತ್ತಿದ್ದ ಕೈ ಒಂದೇ ಆಗಿತ್ತು.

ಮಕ್ಕಳು ಲೈಕಾವನ್ನು ಬಿಚ್ಚಿ ಅಳೆದು ಅಭ್ಯಾಸ ಮಾಡುತ್ತಿದ್ದ 1932–33ರಲ್ಲಿಯೇ ಉಕ್ರೇನಿನಲ್ಲಿ ಘೋರವಾದ ಕ್ಷಾಮ ಬಿದ್ದಿತು. ಪ್ರಭುತ್ವ ರೈತರ ಕಣಜಗಳನ್ನು ಬಲಾತ್ಕಾರದಿಂದ ಬರಿದು ಮಾಡಿದ್ದರಿಂದ ಬಂದ ಕ್ಷಾಮವದು. ಸತ್ತವರು ಹತ್ತಾರು ಲಕ್ಷ ಮಂದಿ. ಆಗ ಸೋವಿಯತ್ ಉಕ್ರೇನಿನ ರಾಜಧಾನಿಯಾಗಿದ್ದ ಖಾರ್ಕಿವ್‌ಗೆ ಹಳ್ಳಿಗರು ರೊಟ್ಟಿಯನ್ನರಸಿ ಬಂದು ಹಾದಿಯ ಬದಿಗಳಲ್ಲಿ ಕುಸಿದು ಬೀಳುತ್ತಿದ್ದರು. ಅಲ್ಲಿ ಕೆಲಸದಲ್ಲಿದ್ದ ಅಲೆಕ್ಸಾಂಡರ್ ವೀನರ್‌ಬರ್ಗರ್ ಎಂಬ ಆಸ್ಟ್ರಿಯಾದ ಎಂಜಿನಿಯರ್ 1933ರಲ್ಲಿ ಆ ದೃಶ್ಯಗಳನ್ನು ಗುಟ್ಟಾಗಿ ಚಿತ್ರಿಸಿಕೊಂಡ. ಅವನ ಕೈಯಲ್ಲಿದ್ದದ್ದು ಲೈಕಾ. ಚಿತ್ರಗಳು ರಾಯಭಾರ ಕಚೇರಿಯ ಟಪಾಲಿನೊಡನೆ ದೇಶದಿಂದ ಹೊರಬಿದ್ದು ವಿಯೆನ್ನಾದ ಕಾರ್ಡಿನಲ್ ಇನ್ನಿಟ್ಸರ್ ಅವರ ಕೈಸೇರಿದವು. ಸರ್ಕಾರ ಇಲ್ಲವೆಂದು ಸಾಧಿಸುತ್ತಿದ್ದ ಕ್ಷಾಮಕ್ಕೆ ಇಂದಿಗೂ ಅವು ಪ್ರಮುಖ ಸಾಕ್ಷ್ಯ. ಒಂದೇ ನಗರ, ಒಂದೇ ಕಾಲ, ಒಂದೇ ಬಗೆಯ ಯಂತ್ರ. ಗೋಡೆಯ ಒಳಗೆ ಅದು ಅನಾಥ ಬಾಲಕರಿಗೆ ಬದುಕುವ ವಿದ್ಯೆಯಾಗಿತ್ತು. ಗೋಡೆಯ ಹೊರಗೆ ಬದುಕಲಾರದೆ ಹೋದವರ ಕಡೆಯ ಸಾಕ್ಷಿಯಾಗಿತ್ತು. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುವ ಚರಿತ್ರಕಾರ ಅರ್ಧ ಗರಿಯನ್ನು ಮುರಿದು ಬಿಸಾಡಿದಂತೆ.

ಮೂಲದ ಊರು ಮಾತ್ರ ನಿಷ್ಕಳಂಕವಾಗಿತ್ತೆಂದು ಭಾವಿಸಬಾರದು. ಹಿಟ್ಲರನ ಕಾಲದಲ್ಲಿ ಎರಡನೆಯ ಅರ್ನ್ಸ್ಟ್ ಲೈಟ್ಸ್ ತನ್ನ ಯೆಹೂದಿ ನೌಕರರನ್ನೂ ಅವರ ಬಂಧುಗಳನ್ನೂ ವಿದೇಶದ ಶಾಖೆಗಳಿಗೆ ಕಳುಹಿಸುವ ನೆಪದಲ್ಲಿ ಪಾರುಮಾಡಿದ. ಇದು ಅವನ ಕೀರ್ತಿ. ಅದೇ ಕಾರ್ಖಾನೆ ಯುದ್ಧಕಾಲದಲ್ಲಿ ಸೇನೆಗೆ ದುಡಿಯಿತು; ಉಕ್ರೇನಿನಿಂದ ಬಲವಂತವಾಗಿ ತಂದ ನೂರಾರು ಹೆಂಗಸರು ಅಲ್ಲಿ ದುಡಿದರು. ಅವರ ಸ್ಥಿತಿಯನ್ನು ಸುಧಾರಿಸಲು ಯತ್ನಿಸಿದ, ಯೆಹೂದಿ ಸ್ತ್ರೀಯೊಬ್ಬಳು ತಪ್ಪಿಸಿಕೊಳ್ಳಲು ನೆರವಾದ ಲೈಟ್ಸ್‌ನ ಮಗಳು ಎಲ್ಸಿ 1943ರಲ್ಲಿ ಗೆಸ್ಟಪೋ ಸೆರೆ ಕಂಡಳು. ಇತ್ತ ಜರ್ಮನ್ ಸೇನೆ ಖಾರ್ಕಿವ್ ಕಡೆಗೆ ನುಗ್ಗಿದಾಗ ಫೆಡ್ ಕಾರ್ಖಾನೆ 1941ರಲ್ಲಿ ಸೈಬೀರಿಯದ ಬೆರ್ದ್‌ಸ್ಕ್ ಊರಿಗೆ ಗುಳೆ ಹೋಯಿತು. ಯುದ್ಧಾನಂತರ ಅದು ಮರಳಿ ಬಂದು, 1990ರ ದಶಕದವರೆಗೂ ಕ್ಯಾಮೆರಾಗಳನ್ನು ತಯಾರಿಸಿತು. 2022ರಲ್ಲಿ ಆ ನಗರದ ಮೇಲೆ ಮತ್ತೊಮ್ಮೆ ಯುದ್ಧ ಎರಗಿತು.

ಅದೇ 2022ರ ಜೂನ್ ತಿಂಗಳಿನಲ್ಲಿ ವೆಟ್ಸ್ಲಾರ್‌ನಲ್ಲಿ ನಡೆದ ಹರಾಜಿನಲ್ಲಿ, 1923ರ ಸುಮಾರಿಗೆ ಪರೀಕ್ಷಾರ್ಥವಾಗಿ ತಯಾರಿಸಿದ್ದ ಲೈಕಾಗಳಲ್ಲೊಂದು 144 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಅದು ಬಾರ್ನಾಕ್ ಬಳಸುತ್ತಿದ್ದ ಕ್ಯಾಮೆರಾ. ಅದರ ಮೇಲೆ ಅವನ ಹೆಸರು ಕೆತ್ತಿದೆ. ಒಂದು ಹೆಸರಿಗೆ ಲೋಕ ಕಟ್ಟುವ ಬೆಲೆ ಅಷ್ಟು! ಆದರೆ ಫೆಡ್‌ನ ನೆತ್ತಿಯ ಮೇಲೆ ಅದನ್ನು ಮಾಡಿದ ಯಾವ ಬಾಲಕನ ಹೆಸರೂ ಇಲ್ಲ; ಪೊಲೀಸ್ ಅಧಿಪತಿಯ ಹೆಸರಿದೆ. ನನ್ನದರಲ್ಲಿ ಅದೂ ಉಳಿದಿಲ್ಲ. ಸಂಖ್ಯೆಯಿದ್ದಿದ್ದರೆ ಅದು ಹುಟ್ಟಿದ ಕಾಲವನ್ನಾದರೂ ಗುರುತಿಸಬಹುದಿತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತಾರುಣ್ಯದಲ್ಲಿ ನಾನೊಂದು ಚಿಕ್ಕ ಕಾವ್ಯವನ್ನು ಸಂಪಾದಿಸಿದೆ. ಅದರ ಏಕೈಕ ಪ್ರತಿಯ ಕೊನೆಯ ಗರಿಯಲ್ಲಿ ಲಿಪಿಕಾರ ತನ್ನ ಹೆಸರನ್ನೂ ಊರನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬೇಡಿಕೊಂಡಿದ್ದ. ಕವಿಯ ಮಾತಲ್ಲ, ಕೃತಿಗೆ ಸೇರಿದ್ದಲ್ಲ ಎಂದು ಅಚ್ಚಿನಲ್ಲಿ ಅದನ್ನು ಕೈಬಿಟ್ಟೆ. ಆ ಬಳಿಕ ಮೂಲ ಓಲೆಗಳು ಗೆದ್ದಲಿಗೆ ಆಹುತಿಯಾದವು. ಆ ಕಾವ್ಯ ಉಳಿದದ್ದು ಆ ಬಡ ಲಿಪಿಕಾರನಿಂದ. ಅವನ ಹೆಸರು ಅಳಿದದ್ದು ನನ್ನಿಂದ. ಲೈಕಾ ಎಂದು ಕೆತ್ತಿದ ಮೋಸಗಾರನನ್ನು ಶಪಿಸಲು ಹೊರಟಾಗಲೆಲ್ಲ ಈ ನೆನಪು ನನ್ನ ಬಾಯಿ ಕಟ್ಟುತ್ತದೆ.

ರಿಪೇರಿಯವರು ಪರದೆಯ ಬಟ್ಟೆಯನ್ನು ಬದಲಿಸಿ, ಯಂತ್ರವನ್ನು ಮತ್ತೆ ಜೀವಂತಗೊಳಿಸಿದರು. ಕಪ್ಪು-ಬಿಳುಪು ಫಿಲ್ಮಿನ ತುದಿಯನ್ನು ಉದ್ದಕ್ಕೆ ಕತ್ತರಿಸಿ, ತಳದಿಂದ ಒಳಸೇರಿಸಬೇಕು. ಫಿಲ್ಮನ್ನು ಮುಂದಕ್ಕೆ ಸುತ್ತಿದ ಮೇಲೆಯೇ ಪರದೆಯ ವೇಗವನ್ನು ನಿಗದಿಪಡಿಸಬೇಕು. ಅವಸರದವರಿಗೆ ಹೇಳಿದ ವಾಹನವಲ್ಲ ಇದು. ನಾನು ತೆಗೆದ ಮೊದಲ ಚಿತ್ರ ಆ ಹಿರಿಯರದೇ: ಕಿಟಕಿಗೆ ಬೆನ್ನುಮಾಡಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ಭಂಗಿ. ಎದುರು ಬೆಳಕಿಗೆ ಆ ಹಳೆಯ ಮಸೂರ ಸ್ವಲ್ಪ ಮಂಕಾಯಿತು. ಕಿಟಕಿಯ ಸುತ್ತ ತೆಳುವಾದ ಮಂಜು ಕವಿಯಿತು. ಆದರೆ ಅವರ ಬೆರಳುಗಳು ಸ್ಪಷ್ಟವಾಗಿ ಮೂಡಿದವು.

ಚಿತ್ರವನ್ನು ಕೊಡಲು ಹೋದಾಗ ಅವರು, “ಆ ಸುಳ್ಳು ಹೆಸರನ್ನು ತಿಕ್ಕಿ ತೆಗೆದುಬಿಡಲೇ, ಮೇಷ್ಟ್ರೇ?” ಎಂದು ಕೇಳಿದರು. ಬೇಡವೆಂದೆ. ಪ್ರಕ್ಷಿಪ್ತವನ್ನು ಹೆರೆದು ಹಾಕುವ ಅಧಿಕಾರ ಸಂಪಾದಕನಿಗಿಲ್ಲ. ಇದು ಪ್ರಕ್ಷಿಪ್ತವೆಂದು ಅಡಿಯಲ್ಲಿ ಬರೆದಿಡುವ ಕರ್ತವ್ಯವಿದೆ. ಕ್ಯಾಮೆರಾದ ಚರ್ಮದ ಚೀಲದೊಳಗೆ ಒಂದು ಚೀಟಿ ಇಟ್ಟಿದ್ದೇನೆ. ಇದು ಲೈಕಾ ಅಲ್ಲ, ಖಾರ್ಕಿವ್‌ನ ಫೆಡ್; ಅದನ್ನು ಮೊದಲು ಕಟ್ಟಿದವರು ಮನೆಯಿಲ್ಲದ ಮಕ್ಕಳು; ಹೆಸರನ್ನು ಅಳಿಸಿದವರು ಬೇರೊಬ್ಬರು ಎಂದು ಅದರಲ್ಲಿ ಬರೆದಿದೆ. ಅದರ ಕೆಳಗೆ ರಿಪೇರಿ ಮಾಡಿದ ಹಿರಿಯರ ಹೆಸರು, ಊರು, ತಾರೀಖುಗಳನ್ನು ಅವರ ಕೈಯಿಂದಲೇ ಬರೆಯಿಸಿದ್ದೇನೆ.