ಪೀಪಾಯಿಯನ್ನು ಕಾಯ್ದವರು

ಚರಿತ್ರೆಯೆಂದೊಡನೆ ನಮ್ಮ ಮಕ್ಕಳು ಅರಸರ ಹೆಸರುಗಳನ್ನೂ ಕದನಗಳ ವರ್ಷಗಳನ್ನೂ ಒಪ್ಪಿಸಲು ತೊಡಗುತ್ತಾರೆ. ಅದು ತಪ್ಪಲ್ಲ. ಆದರೆ ಆ ಅರಸರ ಹಡಗುಗಳು ತಿಂಗಳುಗಟ್ಟಲೆ ಉಪ್ಪುನೀರಿನ ನಡುವೆ ಸಿಹಿನೀರನ್ನು ಯಾವುದರಲ್ಲಿ ಕಾಪಾಡಿಕೊಂಡವು ಎಂದು ಕೇಳುವವರು ವಿರಳ. ಮರದ ಪೀಪಾಯಿಯೇ ಅದಕ್ಕೆ ಉತ್ತರ. ಅದನ್ನು ಕಟ್ಟಿದ, ಕಟ್ಟಿದುದಕ್ಕಿಂತಲೂ ಹೆಚ್ಚಾಗಿ ದುರಸ್ತಿಮಾಡಿ ಕಾಯ್ದುಕೊಂಡು ಬಂದ ಕುಶಲಕರ್ಮಿಗಳ ವೃತ್ತಾಂತವನ್ನು ಈ ಸಂಚಿಕೆಯ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಪೀಪಾಯಿ ಎಂಬುದು ಅಚ್ಚಗನ್ನಡದ ಮಾತಲ್ಲ. ಪೋರ್ಚುಗೀಸರ 'ಪೀಪ' ಎಂಬ ಶಬ್ದವೇ ಕನ್ನಡದಲ್ಲಿ ಈ ರೂಪವನ್ನು ತಾಳಿತು. ಪಾದ್ರಿ, ಅಲಮಾರು, ಚಾವಿ ಮೊದಲಾದ ಮಾತುಗಳಂತೆ ಇದೂ ಕಡಲ ಹಾದಿಯಿಂದ ಬಂದು ನಮ್ಮ ಮನೆಮಾತಾಯಿತು. ವಾಸ್ಕೋ ಡ ಗಾಮನು 1498ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳ ಅಡಿಯನ್ನು ಸರಿಪಡಿಸಿಕೊಂಡು, ಸಿಹಿನೀರನ್ನು ತುಂಬಿಕೊಂಡನು. ಮಣ್ಣಿನ ಹರವಿ ಗುಡಾಣಗಳನ್ನೂ ತಾಮ್ರದ ಕೊಪ್ಪರಿಗೆಗಳನ್ನೂ ಬಳಸಿದ್ದ ನಮ್ಮವರಿಗೆ ಬಳೆ ತೊಡಿಸಿದ ಮರದ ಪಾತ್ರೆ ಹೊಸದು. ವಸ್ತುವಿನ ಬೆನ್ನೇರಿಯೇ ಶಬ್ದವೂ ಬರುವುದಷ್ಟೆ!

ಹಲಗೆಗಳನ್ನು ಜೋಡಿಸಿ ಪಾತ್ರೆ ಮಾಡುವ ಕಲೆ ಮಾತ್ರ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 2600ರ ಸುಮಾರಿನ ಈಜಿಪ್ಟಿನ ಹೆಸಿ-ರೆ ಎಂಬ ಅಧಿಕಾರಿಯ ಸಮಾಧಿಯ ಚಿತ್ರದಲ್ಲಿ ಹಲಗೆಗಳಿಂದ ಕಟ್ಟಿದ ತೊಟ್ಟಿಯನ್ನು ಕಾಣುತ್ತೇವೆ. ಆದರೆ ನಡು ಉಬ್ಬಿ, ಎರಡು ತುದಿಗಳೂ ಮುಚ್ಚಿದ ಪೀಪಾಯಿ ಯೂರೋಪಿನ ಕಾಡುನಾಡುಗಳ ಕೊಡುಗೆ. ಆಲ್ಪ್ಸ್ ಪರ್ವತಪ್ರಾಂತದವರು ಬಳೆ ತೊಡಿಸಿದ ಮರದ ಪಾತ್ರೆಗಳಲ್ಲಿ ದ್ರಾಕ್ಷಾರಸವನ್ನು ಇಡುತ್ತಿದ್ದರೆಂದು ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. 113ರಲ್ಲಿ ಪೂರ್ಣಗೊಂಡ ಟ್ರಾಜನ್ ಚಕ್ರವರ್ತಿಯ ಸ್ತಂಭದಲ್ಲಿ ಡ್ಯಾನ್ಯೂಬ್ ನದಿಯ ದೋಣಿಗಳ ಮೇಲೆ ಪೀಪಾಯಿಗಳನ್ನು ಕೆತ್ತಿದ್ದಾರೆ.

ಇದರ ರಚನೆಯನ್ನು ನೋಡಿದರೆ ಯಾರಿಗಾದರೂ ವಿಸ್ಮಯವಾಗದಿರದು. ಓಕ್ ಮರದ ದಿಮ್ಮಿಯನ್ನು ಎಳೆಯ ಗುಂಟ ಸೀಳಿ, ಹಲಗೆಗಳನ್ನು ಗಾಳಿಗೊಡ್ಡಿ ವರ್ಷಗಟ್ಟಲೆ ಒಣಗಿಸುತ್ತಾರೆ. ಪ್ರತಿಯೊಂದು ಹಲಗೆಯನ್ನೂ ನಡುವೆ ಅಗಲವಾಗಿ, ತುದಿಗಳಲ್ಲಿ ಕಿರಿದಾಗಿ ಕೆತ್ತಿ, ಅಂಚನ್ನು ಓರೆಯಾಗಿ ಹೆರೆದು, ವೃತ್ತಾಕಾರವಾಗಿ ನಿಲ್ಲಿಸಿ, ಬೆಂಕಿಯ ಕಾವಿನಲ್ಲಿ ಬಾಗಿಸಿ ಬಳೆ ತೊಡಿಸುತ್ತಾರೆ. ಒಳಗೆ ಕಚ್ಚು ಕೊರೆದು ಎರಡು ತುದಿಗಳಿಗೂ ಮುಚ್ಚಳಹಲಗೆ ಕೂರಿಸುತ್ತಾರೆ. ಹಲಗೆ ಹಲಗೆಗೆ ಮೊಳೆಯಿಲ್ಲ, ಅಂಟಿಲ್ಲ. ಒಂದನ್ನೊಂದು ಒತ್ತಿ ನಿಲ್ಲುವುದೇ ಅವುಗಳ ಬಲ. ಹೊಟ್ಟೆ ಉಬ್ಬಿರುವುದೂ ಬರಿಯ ಅಂದಕ್ಕಲ್ಲ. ಬಳೆಯನ್ನು ತುದಿಯಿಂದ ನಡುವಿನ ಕಡೆಗೆ ಬಡಿದಷ್ಟೂ ಕಟ್ಟು ಬಿಗಿಯಾಗುತ್ತದೆ. ನೆಲಕ್ಕೆ ತಾಗುವ ಭಾಗ ಸಣ್ಣದಾದುದರಿಂದ ಭಾರವಾದ ಪೀಪಾಯಿಯನ್ನೂ ಒಬ್ಬನೇ ಉರುಳಿಸಿ ಬೇಕಾದತ್ತ ತಿರುಗಿಸಬಲ್ಲನು.

ಇಂತಹ ಪಾತ್ರೆಗೆ ದೊಡ್ಡ ವೈರಿ ನೀರಲ್ಲ, ಒಣಗುವಿಕೆ. ತುಂಬಿರುವ ತನಕ ಮರ ನೀರುಂಡು ಹಿಗ್ಗಿ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಬರಿದು ಮಾಡಿ ಬಿಸಿಲಿಗಿಟ್ಟರೆ ಹಲಗೆಗಳು ಕುಗ್ಗಿ, ಬಳೆಗಳು ಸಡಿಲಗೊಂಡು ಕೆಳಗೆ ಜಾರುತ್ತವೆ. ಆದುದರಿಂದ ಬಳಸುವ ಮೊದಲು ನೀರು ತುಂಬಿ ನೆನೆಯಿಡುವುದೇ ಮೊದಲನೆಯ ಚಿಕಿತ್ಸೆ. ಅಷ್ಟರಿಂದ ಸೋರಿಕೆ ನಿಲ್ಲದಿದ್ದರೆ ಬಳೆಗಳನ್ನು ಬಡಿದು ಬಿಗಿಯುತ್ತಾರೆ. ಆಗಲೂ ನಿಲ್ಲದಿದ್ದರೆ ಬಳೆ ಸಡಿಲಿಸಿ, ಸಂದಿನಲ್ಲಿ ಒಣಗಿದ ಜಂಬುಹುಲ್ಲಿನ ಎಲೆಯನ್ನಿಟ್ಟು ಮತ್ತೆ ಬಿಗಿಯುತ್ತಾರೆ. ಹುಳು ಕೊರೆದ ತೂತಿಗೆ ಮರದ ಸಣ್ಣ ಬೆಣೆ ಹೊಡೆಯುತ್ತಾರೆ. ಹಲಗೆಯೇ ಮುರಿದಿದ್ದರೆ ಅದೊಂದನ್ನು ಕಳಚಿ, ಅದೇ ಅಗಲ, ಅದೇ ಬಾಗು, ಅದೇ ಓರೆ ಇರುವ ಬೇರೊಂದನ್ನು ಕೂರಿಸಬೇಕು. ಒಂದು ಹಲಗೆ ಕೂದಲೆಳೆಯಷ್ಟು ತಪ್ಪಿದರೂ ಎಲ್ಲ ಹಲಗೆಗಳೂ ಸೋರತೊಡಗುತ್ತವೆ. ದ್ರಾಕ್ಷಾರಸದ ಬರಿದಾದ ಪೀಪಾಯಿಗೆ ಬೂಷ್ಟು ಹಿಡಿಯದಂತೆ ಒಳಗೆ ಗಂಧಕದ ಹೊಗೆ ಹಾಕುವ ಪದ್ಧತಿಯೂ ಉಂಟು.

ಈ ಸಣ್ಣ ಕೆಲಸಗಳ ಮೇಲೆ ಎಷ್ಟು ದೊಡ್ಡ ಸಂಗತಿಗಳು ನಿಂತಿದ್ದುವೆಂಬುದಕ್ಕೆ ಸ್ಪೇನಿನ ಮಹಾನೌಕಾಪಡೆಯೇ ಸಾಕ್ಷಿ. 1587ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕನು ಕಾದಿಸ್ ಬಂದರಿಗೆ ನುಗ್ಗಿದ ಕಥೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಆ ಬಳಿಕ ಅವನು ಪೋರ್ಚುಗಲ್ಲಿನ ನೈಋತ್ಯ ಕರಾವಳಿಯಲ್ಲಿ ಹೊಂಚಿ, ಸರಕುಹಡಗುಗಳನ್ನು ಹಿಡಿದು, ಪೀಪಾಯಿಯ ಬಳೆಗಳನ್ನೂ ಒಣಗಿಸಿದ ಹಲಗೆಗಳನ್ನೂ ಸುಟ್ಟುಹಾಕಿದನು. ಅವುಗಳ ತೂಕ 1,600 ಟನ್ನುಗಳಿಗೂ ಮಿಕ್ಕಿತ್ತೆಂದು ಅವನೇ ವರದಿಮಾಡಿದನು. ಮರುವರ್ಷ, ಅಂದರೆ 1588ರಲ್ಲಿ, ಸುಮಾರು 130 ಹಡಗುಗಳು ಲಿಸ್ಬನ್ನಿನಿಂದ ಹೊರಟಾಗ ಅನೇಕ ಪೀಪಾಯಿಗಳು ಹಸಿಮರದವು. ಅವು ಸೋರಿದುವು, ನೀರು ಕೆಟ್ಟಿತು, ಆಹಾರ ಕೊಳೆಯಿತು. ಶತ್ರುವಿನ ಮುಖ ಕಾಣುವ ಮೊದಲೇ ನೌಕಾಪಡೆ ಕೊರುನ್ಯಾ ಬಂದರಿಗೆ ಹೊಕ್ಕು ಆಹಾರಪಾನಗಳನ್ನು ಪುನಃ ಒದಗಿಸಿಕೊಳ್ಳಬೇಕಾಯಿತು. ಸೋಲಿಗೆ ಬೆಂಕಿಹಡಗು, ಫಿರಂಗಿ, ಬಿರುಗಾಳಿಗಳೂ ಕಾರಣವೆಂಬುದು ನಿಜ. ಆದರೆ ಅಟ್ಲಾಂಟಿಕ್ ಸುತ್ತಿ ಹಿಂದಿರುಗಿದ ಆ ದೀರ್ಘ ಪ್ರಯಾಣದಲ್ಲಿ ಬಾಯಾರಿ ಬಳಲಿದ ನಾವಿಕರಿಗೆ ಒಂದೊಂದು ಹಲಗೆಯ ಬೆಲೆಯೂ ತಿಳಿದಿದ್ದಿರಬೇಕು.

ಆದ ಕಾರಣವೇ ದೂರ ಪ್ರಯಾಣದ ಹಡಗುಗಳು ಪೀಪಾಯಿಯ ಕಸಬಿನವನನ್ನು ಜತೆಯಲ್ಲಿ ಕರೆದೊಯ್ಯುತ್ತಿದ್ದುವು. 1620ರಲ್ಲಿ ಅಮೆರಿಕಕ್ಕೆ ಹೋದ ಮೇಫ್ಲವರ್ ಹಡಗಿಗೆ ಜಾನ್ ಆಲ್ಡೆನ್ ಎಂಬ ತರುಣನನ್ನು ಸೌತಾಂಪ್ಟನ್ನಿನಲ್ಲಿ ಈ ಕೆಲಸಕ್ಕಾಗಿಯೇ ಗೊತ್ತುಮಾಡಿಕೊಂಡರು. ಹಿಂದಿರುಗುವ ಸ್ವಾತಂತ್ರ್ಯವಿದ್ದರೂ ಅವನು ಅಲ್ಲಿಯೇ ನೆಲೆಸಿದನು. ಲಂಡನ್ನಿನಲ್ಲಿ ಈ ಕಸಬಿನವರ ಸಂಘಕ್ಕೆ 1501ರಲ್ಲಿಯೇ ರಾಜಶಾಸನ ದೊರೆತಿತ್ತು. ತಿಮಿಂಗಿಲ ಬೇಟೆಯ ಹಡಗುಗಳಲ್ಲಂತೂ ಪೀಪಾಯಿಗಳನ್ನು ಬಿಚ್ಚಿ ಹಲಗೆಯ ಕಟ್ಟುಗಳಾಗಿ ಒಯ್ದು, ಎಣ್ಣೆ ದೊರೆತಂತೆ ಮತ್ತೆ ಕಟ್ಟುತ್ತಿದ್ದರು.

ಪೆನ್ಸಿಲ್ವೇನಿಯದಲ್ಲಿ ಭೂತೈಲ ಹೊರಬಿದ್ದಾಗಲೂ ಅದನ್ನು ತುಂಬಿದುದು ಮರದ ಪೀಪಾಯಿಗಳಲ್ಲಿಯೇ. 1866ರಲ್ಲಿ ಅಲ್ಲಿಯ ಉತ್ಪಾದಕರು ಒಂದು ಪೀಪಾಯಿಗೆ 42 ಗ್ಯಾಲನ್, ಎಂದರೆ ಸುಮಾರು 159 ಲೀಟರು, ಎಂದು ನಿಶ್ಚಯಿಸಿದರು. ಇಂದಿಗೂ ಪತ್ರಿಕೆಗಳು ಕಚ್ಚಾತೈಲದ ಬೆಲೆಯನ್ನು ಬ್ಯಾರೆಲ್ಲಿನ ಲೆಕ್ಕದಲ್ಲಿಯೇ ಹೇಳುತ್ತವೆ. ಮರ ಹೋದರೂ ಅಳತೆ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಉಕ್ಕಿನ ಡ್ರಮ್ಮು ಬಂದು ಈ ಕಸಬು ಬಹುಮಟ್ಟಿಗೆ ಅಳಿಯಿತು. ಆದರೂ ಸ್ಕಾಟ್ಲೆಂಡಿನ ವಿಸ್ಕಿ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿರಬೇಕೆಂಬ ಕಾನೂನಿರುವುದರಿಂದ, ಅಮೆರಿಕದಲ್ಲಿ ಬಳಸಿದ ಪೀಪಾಯಿಗಳನ್ನು ಅಲ್ಲಿಗೆ ತರಿಸಿ ಇಂದಿಗೂ ದುರಸ್ತಿಮಾಡುತ್ತಾರೆ.

1956ರ ನವೆಂಬರ್ 1ರಿಂದ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದೆ. ಅಂದಿನಿಂದ ನಮ್ಮ ನುಡಿಯ ಉಳಿವಿನ ಮಾತನ್ನು ನಾವು ಸಭೆಗಳಲ್ಲಿ ಆಡುತ್ತಲೇ ಬಂದಿದ್ದೇವೆ. ಆಡಬೇಕಾದುದೇ. ಆದರೆ ಈ ಕಸಬುಗಾರರಿಂದ ನಾವು ಕಲಿಯಬೇಕಾದುದೊಂದಿದೆ. ವರ್ಷವೆಲ್ಲ ಬರಿದಾಗಿ ಮೂಲೆಯಲ್ಲಿಟ್ಟ ಪೀಪಾಯಿಗೆ ವಾರ್ಷಿಕೋತ್ಸವದ ದಿನ ಬಳೆ ಬಡಿದರೆ ಸಾಲದು. ಮನೆಯಲ್ಲಿ ಕನ್ನಡವನ್ನು ನಿತ್ಯ ಆಡಿ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ, ಓದಿಸಿ ಬರೆಯಿಸಿ ಅದನ್ನು ತುಂಬಿಯೇ ಇಟ್ಟಿರಬೇಕು. ತುಂಬಿದ್ದರೆ ಸಂದುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.