ಸೂಕ್ಷ್ಮ ಚರ್ಮ ಮತ್ತು ಬಟ್ಟೆ ಮಾರ್ಜಕ

ಬಟ್ಟೆ ಮಾರ್ಜಕವು ನೀರಿನೊಡನೆ ಬೆರೆತು ಬಟ್ಟೆಯ ಜಿಡ್ಡು ಮತ್ತು ಕೊಳೆಯನ್ನು ಬಿಡಿಸುವ ರಾಸಾಯನಿಕ ಮಿಶ್ರಣವಾಗಿದೆ. ಸೂಕ್ಷ್ಮ ಚರ್ಮದವರಲ್ಲಿ ಇದು ತುರಿಕೆ, ಉರಿ ಹಾಗೂ ಬಿರುಕುಗಳನ್ನು ಉಂಟುಮಾಡಬಹುದು. ಬಟ್ಟೆ ಉಡುವವರಿಗಿಂತ ದಿನವೂ ಕೈಯಿಂದ ಒಗೆಯುವವರಿಗೆ ಈ ತೊಂದರೆ ಹೆಚ್ಚು.

ಕಾರಣಗಳು

ಅಗ್ಗದ ಪುಡಿಗಳಲ್ಲಿ ಸಾಮಾನ್ಯವಾಗಿ ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್, ಗಣನೀಯ ಪ್ರಮಾಣದಲ್ಲಿರುತ್ತದೆ. ಅದರ ದ್ರಾವಣದ ಪಿಎಚ್ ಸುಮಾರು 11. ಆರೋಗ್ಯವಂತ ಚರ್ಮದ ಮೇಲ್ಮೈಯದು ಸುಮಾರು 5. ಕ್ಷಾರ ಮತ್ತು ಮಾರ್ಜಕಾಂಶಗಳು ಸೇರಿ ಚರ್ಮದ ರಕ್ಷಕ ಜಿಡ್ಡನ್ನು ತೊಳೆದುಹಾಕುತ್ತವೆ. ದ್ರವ ಮಾರ್ಜಕಗಳಲ್ಲಿ ಸಾಮಾನ್ಯವಾಗಿ ಕ್ಷಾರ ಕಡಿಮೆ. ಆದರೆ ಅವು ಕೆಡದಂತೆ ಸಂರಕ್ಷಕಗಳನ್ನು ಬೆರೆಸಿರುತ್ತಾರೆ. ಸಂರಕ್ಷಕಗಳೂ ಸುಗಂಧದ್ರವ್ಯಗಳೂ ಕೆಲವರಲ್ಲಿ ಅಲರ್ಜಿಗೆ ಕಾರಣವಾಗುತ್ತವೆ. ಹೀಗಾಗಿ ಹೆಚ್ಚಿನ ಬೆಲೆಯು ಸೌಮ್ಯತೆಯ ಖಾತರಿಯಲ್ಲ.

ಆಯ್ಕೆ

ಸುಗಂಧ ಮತ್ತು ಬಣ್ಣ ಸೇರಿಸದ ಮಾರ್ಜಕವು ಸೂಕ್ತ. 'ವಾಸನೆರಹಿತ' ಎಂದು ಮುದ್ರಿಸಿದ್ದರೂ ಮೂಲವಾಸನೆಯನ್ನು ಮರೆಮಾಡಲು ಸುಗಂಧ ಬೆರೆಸಿರಬಹುದಾದ್ದರಿಂದ ಘಟಕಾಂಶಗಳ ಪಟ್ಟಿಯನ್ನು ಓದಬೇಕು. ರೇಷ್ಮೆ, ಉಣ್ಣೆ ಬಟ್ಟೆಗಳಿಗೆ ಹಿಂದಿನಿಂದಲೂ ಬಳಸುವ ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುವ ಸ್ಯಾಪೊನಿನ್ ಇದೆ. ಸಸ್ಯಜನ್ಯವಾದರೂ ಅದರ ನೊರೆ ಕಣ್ಣಿಗೆ ಉರಿ ತರುತ್ತದೆ.

ಬಳಕೆಯ ಕ್ರಮ

ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ನೊರೆ ಕಡಿಮೆಯಾಗುತ್ತದೆ. ಆಗ ಪುಡಿಯನ್ನು ಮಿತಿಮೀರಿ ಸುರಿದು, ಸಾಕಷ್ಟು ಜಾಲಿಸದಿದ್ದರೆ ಅದರ ಶೇಷವು ಬಟ್ಟೆಯಲ್ಲಿ ಉಳಿಯುತ್ತದೆ. ಪೊಟ್ಟಣದಲ್ಲಿ ಸೂಚಿಸಿದ ಅಳತೆಯನ್ನು ಮೀರದಿರುವುದು, ಶುದ್ಧ ನೀರಿನಲ್ಲಿ ಎರಡು ಬಾರಿ ಜಾಲಿಸುವುದು, ರಬ್ಬರ್ ಕೈಗವಸು ಧರಿಸುವುದು, ಒಗೆದ ನಂತರ ಕೈಗೆ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು ಕಡಿಮೆ ಖರ್ಚಿನ ಉಪಾಯಗಳು. ಮಾರ್ಜಕ ಬದಲಿಸಿದರೂ ತುರಿಕೆ ನಿಲ್ಲದಿದ್ದರೆ ಚರ್ಮವೈದ್ಯರು ಪ್ಯಾಚ್ ಪರೀಕ್ಷೆಯ ಮೂಲಕ ಅಲರ್ಜಿಕಾರಕ ವಸ್ತುವನ್ನು ಪತ್ತೆಹಚ್ಚಬಲ್ಲರು.