ಹೊರಾಂಗಣ ವಿಡಿಯೊ ಚಿತ್ರೀಕರಣ: ಬಿಸಿಲು, ಗಾಳಿ, ಮಳೆಗೆ ಸಿದ್ಧತೆ ಹೇಗೆ?

ಸ್ಟುಡಿಯೊದಲ್ಲಿ ಬೆಳಕು ಮತ್ತು ಸದ್ದು ಛಾಯಾಗ್ರಾಹಕನ ಹತೋಟಿಯಲ್ಲಿರುತ್ತವೆ. ಬಯಲಿಗೆ ಬಂದೊಡನೆ ಆ ಹತೋಟಿ ಸೂರ್ಯ, ಮೋಡ ಮತ್ತು ಗಾಳಿಯ ಪಾಲಾಗುತ್ತದೆ. ತೇರು ಎಳೆಯುವ ಕ್ಷಣವಾಗಲಿ, ಧಾರೆಯ ಮುಹೂರ್ತವಾಗಲಿ ಕ್ಯಾಮೆರಾಕ್ಕಾಗಿ ಮರುಕಳಿಸುವುದಿಲ್ಲ. ಆದ್ದರಿಂದ ಹೊರಾಂಗಣ ಚಿತ್ರೀಕರಣಕ್ಕೆ ಪೂರ್ವಸಿದ್ಧತೆಯೇ ಆಧಾರ.

ಬೆಳಕು

ನಡುಹಗಲಿನ ನೆತ್ತಿಯ ಬಿಸಿಲು ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತದ ಮುಂಚಿನ ಒಂದು ಗಂಟೆಯ ಬೆಳಕು ಮೃದುವಾಗಿರುತ್ತದೆ. ಮಧ್ಯಾಹ್ನವೇ ಚಿತ್ರೀಕರಿಸುವುದು ಅನಿವಾರ್ಯವಾದರೆ ವ್ಯಕ್ತಿಯನ್ನು ನೆರಳಿನಲ್ಲಿ ನಿಲ್ಲಿಸಿ, ಬಿಳಿ ಥರ್ಮೊಕೋಲ್ ಹಲಗೆಯಿಂದ ಮುಖಕ್ಕೆ ಬೆಳಕು ಹಾಯಿಸಬಹುದು.

ಸೆಕೆಂಡಿಗೆ 25 ಫ್ರೇಮ್‌ಗಳ ಚಿತ್ರೀಕರಣಕ್ಕೆ 1/50 ಸೆಕೆಂಡಿನ ಶಟರ್ ವೇಗ ಸೂಕ್ತ. ಬಿಸಿಲು ಹೆಚ್ಚೆಂದು ವೇಗವನ್ನು ವಿಪರೀತ ಏರಿಸಿದರೆ ಚಲನೆ ಕಡಿದಂತೆ ಕಾಣುತ್ತದೆ. ಅದಕ್ಕೆ ಬದಲಾಗಿ ಎನ್‌ಡಿ ಫಿಲ್ಟರ್ ಬಳಸಬೇಕು. ಮೂರು ಸ್ಟಾಪ್‌ನ ಫಿಲ್ಟರ್ ಎಂಟನೇ ಒಂದು ಭಾಗ ಬೆಳಕನ್ನು ಮಾತ್ರ ಒಳಬಿಡುತ್ತದೆ. ಬಿಸಿಲಲ್ಲಿ ಕ್ಯಾಮೆರಾ ಪರದೆ ಮಂಕಾಗಿ ಕಾಣುವುದರಿಂದ ಕಣ್ಣಂದಾಜಿಗಿಂತ ಹಿಸ್ಟೋಗ್ರಾಂ ನಂಬುವುದು ಲೇಸು.

ಧ್ವನಿ

ಗಾಳಿ ನೇರವಾಗಿ ಮೈಕಿಗೆ ಬಡಿದು ಉಂಟಾಗುವ ಗುಡುಗುಡು ಸದ್ದನ್ನು ಸಂಕಲನದಲ್ಲಿ ಪೂರ್ಣವಾಗಿ ತೆಗೆಯುವುದು ಕಷ್ಟ. ಮೈಕಿಗೆ ತುಪ್ಪಳದಂತಹ ಹೊದಿಕೆ ಹಾಕಬೇಕು. ಸಂದರ್ಶನಕ್ಕೆ ಕಾಲರ್ ಮೈಕ್ ಉತ್ತಮ. ಹೆಡ್‌ಫೋನ್ ಧರಿಸದಿದ್ದರೆ ದೋಷ ತಿಳಿಯುವುದು ಮನೆಗೆ ಮರಳಿದ ಮೇಲೆಯೇ.

ಮಳೆ ಮತ್ತು ತೇವಾಂಶ

ಶಂಕರ್‌ನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಿಸಿದ ಆಗುಂಬೆಯಂತಹ ಮಲೆನಾಡಿನ ಊರುಗಳಲ್ಲಿ ಮಳೆಗಿಂತ ತೇವಾಂಶವೇ ಕ್ಯಾಮೆರಾಕ್ಕೆ ದೀರ್ಘಕಾಲದ ಶತ್ರು. ಎ.ಸಿ. ಕಾರಿನಿಂದ ಹೊರತೆಗೆದ ಲೆನ್ಸ್ ಮೇಲೆ ಕೂಡಲೇ ಮಂಜು ಕೂರುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲಿಯೇ ಅರ್ಧ ಗಂಟೆ ಹೊರಗಿಟ್ಟು ನಂತರ ತೆರೆಯಬೇಕು. ಒದ್ದೆ ಚೀಲದಲ್ಲಿ ದಿನಗಟ್ಟಲೆ ಇಟ್ಟ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿ ಇದಕ್ಕೆ ಅಗ್ಗದ ಪರಿಹಾರ. ಒಳಗೆ ನೀರು ಹೊಕ್ಕಿದ್ದರೆ ಬ್ಯಾಟರಿ ತೆಗೆದಿಡಬೇಕು. ಚಾಲೂ ಮಾಡಿ ಪರೀಕ್ಷಿಸಲೇಬಾರದು.

ಅನುಮತಿ

ಹಂಪಿ, ಪಟ್ಟದಕಲ್ಲಿನಂತಹ ಸಂರಕ್ಷಿತ ಸ್ಮಾರಕಗಳಲ್ಲಿ ವೃತ್ತಿಪರ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ, ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. 2021ರ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಾಟಕ್ಕೆ ಮುಂಗಡ ಅನುಮತಿ ಬೇಕಿಲ್ಲ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಕಡ್ಡಾಯ. ಹಾರಿಸುವ ಮುನ್ನ ವಲಯ ನಕ್ಷೆ ನೋಡಿಕೊಳ್ಳಬೇಕು.

ಸುರಕ್ಷತೆ

2016ರ ನವೆಂಬರ್ 7ರಂದು ಬೆಂಗಳೂರು ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ನಟರಾದ ಅನಿಲ್ ಹಾಗೂ ಉದಯ್ ಮುಳುಗಿ ಮೃತಪಟ್ಟರು. ದೊಡ್ಡ ತಂಡಕ್ಕೇ ಇಂತಹ ದುರಂತ ತಪ್ಪದಿರುವಾಗ ಒಬ್ಬಿಬ್ಬರೇ ಹೊರಡುವವರು ಮತ್ತಷ್ಟು ಎಚ್ಚರದಿಂದಿರಬೇಕು. ಜಲಪಾತದ ಪಾಚಿಗಟ್ಟಿದ ಬಂಡೆಯ ಮೇಲೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆ ಇಡಬಾರದು. ಕಾಲಬುಡ ನೋಡಿಕೊಳ್ಳಲು ಜತೆಗೊಬ್ಬರು ಇರಲೇಬೇಕು.

ಕೊನೆಯದಾಗಿ, ಹೆಚ್ಚುವರಿ ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಜತೆಗಿರಲಿ. ಅಂದಿನ ದೃಶ್ಯಗಳನ್ನು ಅಂದೇ ಎರಡು ಕಡೆ ನಕಲು ಮಾಡಿಕೊಂಡ ನಂತರವೇ ಕಾರ್ಡ್ ಅಳಿಸಬೇಕು.